ಹೆದ್ದಾರಿ ರೇಸ್ ಬಿಡಿ ಅಂದ್ರೆ ಸಾಲದು, ನೂರು ಸಿಸಿ ಬೈಕಿಗೂ ಒಂದು ಟ್ರ್ಯಾಕ್ ರೇಸ್ ಬೇಕು

ಹೋದ ತಿಂಗಳು ನಮ್ಮ ಶಾಖೆಯ ಕೌಂಟರಿಗೆ ಒಬ್ಬ ತಾಯಿ ಬಂದರು. ಕೈಯಲ್ಲಿ ಪಾಸ್‌ಬುಕ್, ಡೆತ್ ಸರ್ಟಿಫಿಕೇಟ್, ಎಫ್‌ಐಆರ್ ಪ್ರತಿ. "ಸಾರ್, ಮಗನ ಅಕೌಂಟಲ್ಲಿ ವರ್ಷಕ್ಕೆ ಇಪ್ಪತ್ತು ರೂಪಾಯಿ ಇನ್ಶೂರೆನ್ಸ್ ಹಿಡೀತಿದ್ರಂತೆ. ಅದು ಬರುತ್ತಾ ಸಾರ್?" ಅಂತ ಕೇಳಿದರು. ಹುಡುಗನಿಗೆ ಹತ್ತೊಂಬತ್ತು ವರ್ಷ. ರಾತ್ರಿ ಹೆದ್ದಾರಿಯಲ್ಲಿ ಗೆಳೆಯರ ಜೊತೆ ಪಂದ್ಯ ಕಟ್ಟಿದ್ದನಂತೆ. ಮುಂದೆ ಲೈಟಿಲ್ಲದೆ ನಿಂತಿದ್ದ ಲಾರಿ. ಫಾರಂ ತುಂಬಿಸುವಾಗ ನನ್ನ ಕೈ ನಡುಗಿತು. ಯಾಕಂದ್ರೆ ಇಪ್ಪತ್ತನೇ ವಯಸ್ಸಿನಲ್ಲಿ ಅದೇ ಹೊಸೂರು–ಕೃಷ್ಣಗಿರಿ ರಸ್ತೆಯಲ್ಲಿ ನಾನೂ ಅದೇ ಕೆಲಸ ಮಾಡಿದವನು. ನನಗೆ ಲಾರಿ ಎದುರಾಗಲಿಲ್ಲ, ಅಷ್ಟೇ ವ್ಯತ್ಯಾಸ.

ಬುದ್ಧಿ ಹೇಳೋ ಪೋಸ್ಟ್ ಅಲ್ಲ ಇದು. ಬುದ್ಧಿ ಹೇಳಿದರೆ ಯಾರೂ ಕೇಳಲ್ಲ, ನಾನೂ ಕೇಳಿರಲಿಲ್ಲ. ನಾನು ಕೇಳೋದು ಒಂದೇ: ಬೈಕ್ ಓಡಿಸೋ ಆಸೆ ಇರೋ ಬಡ ಹುಡುಗನಿಗೆ ಹೆದ್ದಾರಿ ಬಿಟ್ಟು ಬೇರೆ ಜಾಗ ಎಲ್ಲಿದೆ?

ನಮ್ಮೂರನ್ನೇ ನೋಡಿ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಇದೇ ಹೊಸೂರಿನ ಕಾರ್ಖಾನೆಯಿಂದ. ಇವತ್ತು ಏಥರ್ ಸ್ಕೂಟರ್ ತಯಾರಾಗೋದೂ ಇಲ್ಲೇ. ತಳಿ, ಡೆಂಕಣಿಕೋಟೆ ಕಡೆಯ ಎಷ್ಟೋ ಮನೆಗಳ ಹುಡುಗರು ಗಾಡಿ ಕಾರ್ಖಾನೆಗಳಲ್ಲಿ, ಬಿಡಿಭಾಗದ ಕಂಪನಿಗಳಲ್ಲಿ ಶಿಫ್ಟ್ ಮಾಡ್ತಾರೆ. ಬೈಕ್ ಬಿಚ್ಚಿ ಜೋಡಿಸೋದು ನಮಗೆ ಮನೆ ಕೆಲಸ ಇದ್ದಂಗೆ. ಆದರೆ ರೇಸಿನ ಪಟ್ಟಿಯಲ್ಲಿ ನಮ್ಮ ಹಳ್ಳಿಗಳ ಹೆಸರು ಹುಡುಕಿ ನೋಡಿ.

ಟ್ರ್ಯಾಕ್ ಇಲ್ಲವಾ? ಇವೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ 1990ರಿಂದ ಇದೆ. ಕೊಯಮತ್ತೂರು ಹತ್ತಿರ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಕಂಪನಿಗಳು ನಡೆಸೋ 'ಒನ್ ಮೇಕ್' ರೇಸ್‌ಗಳಿವೆ: ಎಲ್ಲರಿಗೂ ಒಂದೇ ಮಾಡೆಲ್ ಬೈಕ್, ಕಂಪನಿಯೇ ಕೊಡುತ್ತೆ. ಒಳ್ಳೆಯದೇ. ಆದರೆ ಅಲ್ಲಿಗೆ ಸೇರಬೇಕಾದರೆ ಮೊದಲು ಆಯ್ಕೆ ಸುತ್ತಿನಲ್ಲಿ ಲ್ಯಾಪ್ ಟೈಮ್ ತೋರಿಸಬೇಕು. ಮೈಗೆ ಲೆದರ್ ಸೂಟ್, ಒಳ್ಳೆ ಹೆಲ್ಮೆಟ್, ಬೂಟು ಇರಬೇಕು. ಜೀವಮಾನದಲ್ಲಿ ಟ್ರ್ಯಾಕ್ ಮೇಲೆ ಒಂದು ಸುತ್ತೂ ಹಾಕದ ಹುಡುಗ ಅಲ್ಲಿ ಹೋಗಿ ಏನು ಟೈಮ್ ತೋರಿಸ್ತಾನೆ? ಏಣಿ ಇದೆ, ಆದರೆ ಕೆಳಗಿನ ಮೆಟ್ಟಿಲೇ ಇಲ್ಲ. ಎರಡನೇ ಮೆಟ್ಟಿಲಿಗೆ ಕಾಲು ಎಟುಕೋದು ದುಡ್ಡಿರೋ ಮನೆಯ ಮಕ್ಕಳಿಗೆ ಮಾತ್ರ.

ಆ ಕೆಳಗಿನ ಮೆಟ್ಟಿಲು ಹೇಗಿರಬೇಕು ಅಂತ ನನ್ನದೊಂದು ಲೆಕ್ಕ ಇದೆ.

ಬೈಕು: ಹಳೇ ನೂರು ಸಿಸಿ ಗಾಡಿ. ಸ್ಪ್ಲೆಂಡರ್ ಅಂದುಕೊಳ್ಳಿ. 97.2 ಸಿಸಿ, ಸುಮಾರು ಎಂಟು ಹಾರ್ಸ್‌ಪವರ್. ನಗಬೇಡಿ. ದೊಡ್ಡ ಬೈಕಿನಲ್ಲಿ ತಿರುವಿನಲ್ಲಿ ತಪ್ಪು ಮಾಡಿದರೂ ನೇರ ರಸ್ತೆ ಸಿಕ್ಕಾಗ ಆಕ್ಸಿಲೇಟರ್ ತಿರುಗಿಸಿ ಮುಚ್ಚಿಹಾಕಬಹುದು. ಎಂಟು ಹಾರ್ಸ್‌ಪವರ್‌ನಲ್ಲಿ ಅದು ಆಗಲ್ಲ. ತಿರುವಿನಲ್ಲಿ ಕಳಕೊಂಡ ವೇಗ ಹೋಯ್ತು ಅಂದ್ರೆ ಹೋಯ್ತು. ಹಾಗಾಗಿ ಎಲ್ಲಿ ಬ್ರೇಕ್ ಹಿಡೀಬೇಕು, ಎಲ್ಲಿ ಕಣ್ಣಿಡಬೇಕು, ಯಾವ ಗೆರೆಯಲ್ಲಿ ಹೋಗಬೇಕು ಅನ್ನೋದನ್ನ ಕಲೀಲೇಬೇಕು. ಮೇಲಾಗಿ, ಬಿದ್ದರೂ ಕಡಿಮೆ ವೇಗದಲ್ಲಿ ಬೀಳ್ತೀವಿ.

ಟ್ರ್ಯಾಕು: ಇಷ್ಟು ಚಿಕ್ಕ ಗಾಡಿಗೆ ಚೆನ್ನೈ ಟ್ರ್ಯಾಕ್ ಬೇಕಾಗಿಲ್ಲ, ಕಾರ್ಟಿಂಗ್ ಟ್ರ್ಯಾಕ್ ಸಾಕು. ಬೆಂಗಳೂರಿನ ಅಂಚಿನಲ್ಲಿದೆ, ಸೊಲ್ಲಾಪುರ–ಜತ್ತ ಕಡೆಯವರಿಗೆ ಕೊಲ್ಹಾಪುರದ ಹತ್ತಿರ ಇದೆ. ಇದೇನು ನನ್ನ ಹೊಸ ಆವಿಷ್ಕಾರ ಅಲ್ಲ. ಅಮೆರಿಕ, ಬ್ರಿಟನ್‌ನಲ್ಲಿ ಹೋಂಡಾ ಗ್ರೋಮ್ ಅನ್ನೋ 125 ಸಿಸಿಯ ಪುಟ್ಟ ಬೈಕುಗಳಲ್ಲಿ ಕಾರ್ಟಿಂಗ್ ಟ್ರ್ಯಾಕ್ ಮೇಲೆ ರೇಸ್ ನಡೆಯುತ್ತೆ. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಂ 2021ರಿಂದ 'ಮಿನಿಜಿಪಿ' ನಡೆಸ್ತಾ ಇದೆ, ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, 160 ಸಿಸಿ ಬೈಕಿನಲ್ಲಿ. ಕಾರ್ಟಿಂಗ್ ಟ್ರ್ಯಾಕಿನ ಟೈರ್ ತಡೆಗೋಡೆ ಎಲ್ಲೆಲ್ಲಿ ಹತ್ತಿರ ಇದೆ, ಬೈಕ್ ಜಾರಿದರೆ ಸವಾರ ಎಲ್ಲಿಗೆ ಹೋಗ್ತಾನೆ ಅಂತ ತಿಳಿದವರು ಮೊದಲೇ ನೋಡಿ ಒಪ್ಪಬೇಕು. ಅದೊಂದು ವಿಷಯದಲ್ಲಿ ರಾಜಿ ಇಲ್ಲ.

ಈಗ ದುಡ್ಡು. ಕಾಮರ್ಸ್ ಓದಿದವನು, ಅಂದಾಜು ಲೆಕ್ಕ ಹಾಕದೆ ಬಿಡಲ್ಲ. ಹತ್ತು ಸೆಕೆಂಡ್‌ಹ್ಯಾಂಡ್ ಬೈಕು, ರಿಪೇರಿ ಸೇರಿ ತಲಾ 30,000 ಅಂದ್ರೆ ಮೂರು ಲಕ್ಷ. ಹೆಲ್ಮೆಟ್, ಸೂಟು, ಗ್ಲೌಸು, ಬೂಟು ಸೇರಿ ಹನ್ನೆರಡು ಸೆಟ್, ತಲಾ 25,000, ಮತ್ತೆ ಮೂರು ಲಕ್ಷ. ಒಟ್ಟು ಬಂಡವಾಳ ಆರು ಲಕ್ಷ. ನಾಲ್ಕು ವರ್ಷ ಬಾಳಿಕೆ ಅಂದ್ರೆ ವರ್ಷಕ್ಕೆ ಒಂದೂವರೆ ಲಕ್ಷ ಸವಕಳಿ. ವರ್ಷಕ್ಕೆ ಹತ್ತು ದಿನ ನಡೆಸಿದರೆ ದಿನಕ್ಕೆ 15,000. ಅದರ ಮೇಲೆ ಅರ್ಧ ದಿನದ ಟ್ರ್ಯಾಕ್ ಬಾಡಿಗೆ 30,000, ಆಂಬುಲೆನ್ಸ್ ಮತ್ತು ಡಾಕ್ಟರ್ 12,000, ಕಲಿಸುವವರಿಗೆ 10,000, ಬೈಕ್ ಸಾಗಿಸೋ ಲಾರಿ 10,000, ಪೆಟ್ರೋಲು, ಆಯಿಲ್, ಬ್ರೇಕ್ ಶೂ 8,000, ವಿಮೆ ಮತ್ತು ಚಿಲ್ಲರೆ ಖರ್ಚು 5,000. ಕೂಡಿದರೆ 90,000. ಹತ್ತು ಹತ್ತು ಜನರ ಮೂರು ತಂಡ, ಇಪ್ಪತ್ತು ನಿಮಿಷಕ್ಕೊಂದು ಸರದಿ. ಮೂವತ್ತು ಜನಕ್ಕೆ ಹಂಚಿದರೆ ತಲೆಗೆ ಮೂರು ಸಾವಿರ.

ಟ್ರ್ಯಾಕ್ ಬಾಡಿಗೆ ಊರಿಂದ ಊರಿಗೆ ಹೆಚ್ಚುಕಮ್ಮಿ ಆಗುತ್ತೆ, ಒಪ್ಪಿದೆ. ಆದರೆ ಮೂರು ಸಾವಿರ ಅಂದ್ರೆ ಏನು? ಬೀದಿಯವರ ನಿದ್ದೆ ಕೆಡಿಸೋಕೆ ನೀವು ಹಾಕಿಸೋ ಸೈಲೆನ್ಸರ್ ಬೆಲೆ. 200 ಸಿಸಿ ಬೈಕಿನ ಸಾಲಕ್ಕೆ ಮೂರು ವರ್ಷ ಪ್ರತಿ ತಿಂಗಳು ಕಟ್ಟೋ ಕಂತಿಗಿಂತ ಕಡಿಮೆ. ಊರಿನ ಬೈಕ್ ಶೋರೂಮಿನವರೋ ಟೈರ್ ಅಂಗಡಿಯವರೋ ಒಂದು ಪಾಲು ಹೊತ್ತರೆ ಎರಡು ಸಾವಿರಕ್ಕೂ ಇಳಿಯುತ್ತೆ.

ಅಗ್ಗವಾಗಿ ಶುರು ಮಾಡೋದು ಸುಲಭ, ಅಗ್ಗವಾಗಿಯೇ ಉಳಿಸಿಕೊಳ್ಳೋದು ಕಷ್ಟ. ಯಾರೋ ಒಬ್ಬ ಇಂಜಿನ್ ಬೋರ್ ಮಾಡಿಸ್ತಾನೆ, ಇನ್ನೊಬ್ಬ ದುಬಾರಿ ಟೈರ್ ತರ್ತಾನೆ, ಎರಡೇ ವರ್ಷದಲ್ಲಿ ಮತ್ತೆ ದುಡ್ಡಿದ್ದವರ ಆಟ ಆಗುತ್ತೆ. ಅದಕ್ಕೆ ಎರಡು ನಿಯಮ ಸಾಕು. ಒಂದು, ಬೈಕುಗಳು ಸಂಘದ್ದು, ಯಾರಿಗೆ ಯಾವ ಬೈಕ್ ಅನ್ನೋದು ಬೆಳಿಗ್ಗೆ ಚೀಟಿ ಎತ್ತಿ. ಎರಡು, ಮುಂದೆ ಸ್ವಂತ ಬೈಕ್ ತರೋಕೆ ಬಿಟ್ಟರೆ, ರೇಸ್ ಮುಗಿದ ಮೇಲೆ ಯಾವ ಸ್ಪರ್ಧಿ ಬೇಕಾದರೂ ಗೆದ್ದವನ ಇಂಜಿನ್ನನ್ನ ಮೊದಲೇ ಗೊತ್ತುಮಾಡಿದ ಬೆಲೆಗೆ, ಉದಾಹರಣೆಗೆ ಹತ್ತು ಸಾವಿರಕ್ಕೆ, ಕೇಳಿ ಪಡೀಬಹುದು. ಅಮೆರಿಕದ ಊರೂರಿನ ಕಾರ್ ರೇಸ್‌ಗಳಲ್ಲಿ ಈ ಪದ್ಧತಿ ಇದೆ. ಹತ್ತು ಸಾವಿರಕ್ಕೆ ಕೈಬಿಟ್ಟು ಹೋಗೋ ಇಂಜಿನ್ ಮೇಲೆ ಯಾರು ಐವತ್ತು ಸಾವಿರ ಸುರೀತಾರೆ?

ಮನೆಯವರು ಕೇಳ್ತಾರೆ: ರೇಸ್ ಕಲಿಸಿದರೆ ಹುಡುಗರು ಇನ್ನೂ ಕೆಡಲ್ವಾ? ನ್ಯಾಯವಾದ ಪ್ರಶ್ನೆ. ಟ್ರ್ಯಾಕ್ ರೇಸ್ ಅಪಾಯ ಇಲ್ಲದ್ದು ಅಂತ ನಾನು ಸುಳ್ಳು ಹೇಳಲ್ಲ. ಕೈಕಾಲು ಮುರಿಯಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಆದರೆ ಅಲ್ಲಿ ಎದುರಿನಿಂದ ಲಾರಿ ಬರಲ್ಲ, ಅಡ್ಡ ಹಸು ಬರಲ್ಲ, ಬಿದ್ದ ನಿಮಿಷಕ್ಕೆ ಆಂಬುಲೆನ್ಸ್ ಇರುತ್ತೆ. ಕೆಲವು ವರ್ಷದ ಹಿಂದೆ ನಾನು ದುಡ್ಡು ಕೂಡಿಟ್ಟು ಒಂದು ದಿನದ ತರಬೇತಿಗೆ ಹೋಗಿದ್ದೆ. ಹತ್ತು ವರ್ಷ ಬೈಕ್ ಓಡಿಸಿದವನು, ಮುಂದಿನ ಬ್ರೇಕನ್ನ ಸರಿಯಾಗಿ ಹಿಡಿಯೋಕೇ ಬರಲ್ಲ ಅಂತ ಅವತ್ತು ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಯ್ತು. ಅಲ್ಲಿಂದ ಬಂದ ಮೇಲೆ ಹೆದ್ದಾರಿಯಲ್ಲಿ ನನ್ನ ವೇಗ ತಾನಾಗೇ ಇಳಿಯಿತು.

ಕಾನೂನೂ ತಿಳಿದಿರಲಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆ 189ನೇ ಸೆಕ್ಷನ್ ಪ್ರಕಾರ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ದಂಡ, ಇಲ್ಲಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ದಂಡ. ಹದಿನೆಂಟು ತುಂಬದವನ ಕೈಗೆ ಗಾಡಿ ಕೊಟ್ಟರೆ 199ಎ ಪ್ರಕಾರ ಅಪ್ಪ ಅಮ್ಮನಿಗೇ 25,000 ದಂಡ, ಮೂರು ವರ್ಷದವರೆಗೆ ಜೈಲು. ಇನ್ನು ನಿಮ್ಮ ಬೈಕಿನ ವಿಮಾ ಪತ್ರ ತೆಗೆದು ಓದಿ, ಸಂಘಟಿತ ರೇಸಿಗೆ ಆ ಪಾಲಿಸಿ ಅನ್ವಯಿಸಲ್ಲ ಅಂತ ಬರೆದಿರುತ್ತೆ. ಅದಕ್ಕೇ ನನ್ನ ಲೆಕ್ಕದಲ್ಲಿ ಬೇರೆ ವಿಮೆ ಇಟ್ಟಿರೋದು.

ಇನ್ನೊಂದು ಮಾತು. ಪಾಠ ನಮ್ಮ ಭಾಷೆಯಲ್ಲಿ ಆಗಬೇಕು. ರೇಸಿಗೆ ಮುಂಚೆ ಹೇಳೋ ಸುರಕ್ಷತೆಯ ಸೂಚನೆ ಅರ್ಧಂಬರ್ಧ ಅರ್ಥ ಆದರೆ ಅದೇ ಅಪಾಯ. ಹಳದಿ ಬಾವುಟ ಅಂದ್ರೆ ಮುಂದೆ ಅಪಾಯ ಇದೆ, ಓವರ್‌ಟೇಕ್ ಮಾಡಬೇಡ. ಕೆಂಪು ಅಂದ್ರೆ ರೇಸ್ ನಿಂತಿದೆ. ಇದನ್ನ ಕನ್ನಡದಲ್ಲಿ, ಪಕ್ಕದಲ್ಲಿ ಕೂತ ಗೆಳೆಯನಿಗೆ ತಮಿಳಿನಲ್ಲೋ ತೆಲುಗಿನಲ್ಲೋ ಹೇಳೋಕೆ ಎಷ್ಟು ಹೊತ್ತು ಬೇಕು? ಮೂರೂ ಭಾಷೆ ಬರೋ ಹುಡುಗರು ನಮ್ಮ ಗಡಿಯೂರುಗಳಲ್ಲಿ ಬೇಕಾದಷ್ಟಿದ್ದಾರೆ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳೆಯರ ವಿಭಾಗ ಗೆದ್ದರು. ನಮ್ಮ ಹುಡುಗ ಹುಡುಗಿಯರೆಲ್ಲ ಅಷ್ಟು ದೂರ ಹೋಗ್ತಾರೆ ಅಂತ ನಾನು ಆಸೆ ತೋರಿಸಲ್ಲ. ಮೂವತ್ತರಲ್ಲಿ ಒಬ್ಬರು ಮುಂದಿನ ಮೆಟ್ಟಿಲು ಹತ್ತಿದರೆ ಸಂತೋಷ. ಉಳಿದ ಇಪ್ಪತ್ತೊಂಬತ್ತು ಜನ ಬ್ರೇಕ್ ಹಿಡಿಯೋದು ಕಲಿತು ಮನೆಗೆ ವಾಪಸ್ ಬಂದರೆ ಅದೂ ಗೆಲುವೇ.

ತಮ್ಮಂದಿರೇ, ತಂಗಿಯರೇ, ಸದ್ಯಕ್ಕೆ ಮೂರು ಕೆಲಸ ಮಾಡಿ. ನಿಮ್ಮೂರಿಂದ ಹತ್ತಿರದ ಕಾರ್ಟಿಂಗ್ ಟ್ರ್ಯಾಕ್ ಎಲ್ಲಿದೆ, ಬೈಕಿಗೆ ಬಿಡ್ತಾರಾ, ಬಾಡಿಗೆ ಎಷ್ಟು ಅಂತ ಕೇಳಿ. ನಂಬಿಕಸ್ಥ ಮೆಕ್ಯಾನಿಕ್ ಒಬ್ಬರನ್ನ ಒಪ್ಪಿಸಿ. ತಿಂಗಳಿಗೆ ಐನೂರು ರೂಪಾಯಿ ಕಟ್ಟೋ ಹತ್ತು ಜನರನ್ನ ಸೇರಿಸಿ, ಸಂಘದ ಹೆಸರಲ್ಲಿ ಒಂದು ಉಳಿತಾಯ ಖಾತೆ ತೆರೆಯಿರಿ. ಖಾತೆಗೆ ಬೇಕಾದ ಕಾಗದಪತ್ರ ಏನೇನು ಅಂತ ನನ್ನ ಕೇಳಿ, ಅದು ನನ್ನ ದಿನನಿತ್ಯದ ಕೆಲಸ.

ಆ ತಾಯಿಗೆ ವಿಮೆಯ ದುಡ್ಡು ಬಂತು, ಎರಡು ಲಕ್ಷ. ಸಹಿ ಹಾಕುವಾಗ "ಇದನ್ನ ಏನ್ ಮಾಡ್ಲಿ ಸಾರ್?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಟ್ರ್ಯಾಕಿಗೆ ಬೇಕಾದ ಬಂಡವಾಳ ಅಂಥ ಮೂರು ಕ್ಲೈಮಿನಷ್ಟು ಮಾತ್ರ.