ಅಂಗಳಕ್ಕೂ ಒಬ್ಬರು ತಿಳದವರು ಬೇಕು

ಮನಿ ಕಟ್ಟಸೂಮುಂದ ಇಂಜಿನಿಯರಿಗೆ ರೊಕ್ಕ ಕೊಡ್ತೇವಿ. ಫಾಲ್ಸ್ ಸೀಲಿಂಗಿಗೆ ಕೊಡ್ತೇವಿ. ಟಿವಿ ಹಿಂದಿನ ಗ್ವಾಡಿಗೆ ಯಾವ ಬಣ್ಣ ಅಂತ ಕೇಳಲಿಕ್ಕೂ ಒಬ್ಬರನ್ನ ಕರಸ್ತೇವಿ. ಅಂಗಳ, ಹಿತ್ತಲದ ಮಾತ ಬಂದ್ರ ಮಾತ್ರ, "ಅದಕ್ಯಾಕ ಡಿಸೈನರು? ನಾಕ್ ಗಿಡ ಹಚ್ಚಿದ್ರಾತು" ಅಂತಾರ. ಇದು ಶುದ್ಧ ತಪ್ಪ ಮಾತು.

ನಮ್ಮ ಹುಬ್ಬಳ್ಳಿ ಕಡೆ ಎರಿ ಮಣ್ಣು. ನೀರ ಕುಡದ್ರ ಉಬ್ಬತದ, ಒಣಗಿದ್ರ ಬಿರಕ ಬಿಡತದ. ಮಳಿನೀರು ಮನಿ ಬುಡಕ್ಕ ನಿಂತ್ರ ಗ್ವಾಡಿ ಸೀಳತದ. 1,000 ಚದರ ಅಡಿ ಮಾಳಿಗಿ ಮ್ಯಾಲೆ ಒಂದ್ ಇಂಚು ಮಳಿ ಬಿದ್ರ 2,300 ಲೀಟರಿಗೂ ಹೆಚ್ಚು ನೀರು. ಅದು ಎಲ್ಲಿಗೆ ಹೋಗಬೇಕು? ಇಳಿಜಾರು ಯಾವ ಕಡೆ? ಇದನ್ನ ನರ್ಸರಿಯವರೂ ಕೇಳೂದಿಲ್ಲ, ಗೌಂಡಿನೂ ಕೇಳೂದಿಲ್ಲ. ಅಂವಾ ಕಂಪೌಂಡ್ ತನಕ ಪೇವರ್ ಬಡದು ಹೋಗ್ತಾನ. ಮಳಿಗಾಲದಾಗ ಅಂಗಳ ಕೆರಿ, ಬ್ಯಾಸಗಿಯಾಗ ಹಂಚು. ಬೋರಿಗೆ ಹನಿ ನೀರ ಇಳ್ಯೂದಿಲ್ಲ.

"ನಮ್ಮಜ್ಜಿ ಯಾವ ಡಿಸೈನರನ್ನ ಕರಸಿದ್ಲು?" ಅಂತ ಕೇಳೋರಿದ್ದಾರ. ಅಕ್ಕಾರ, ಅಜ್ಜಿನೇ ಡಿಸೈನರ್ ಇದ್ಲು! ಬಚ್ಚಲ ನೀರು ಬಾಳಿಗಿಡಕ್ಕ, ಮುಸರಿ ನೀರು ಕೆಸುವಿಗೆ, ನುಗ್ಗಿ ಗ್ವಾಡಿಯಿಂದ ದೂರ, ಕರಿಬೇವು ಅಡಗಿಮನಿ ಬಾಗಲಕ್ಕ. ನಲವತ್ತ ವರ್ಷ ಅದೇ ಹಿತ್ತಲದಾಗ ಬಿಸಲು, ಗಾಳಿ, ನೀರು ನೋಡಿ ಕಲತಿದ್ಲು. ನಾವು ಹೊಸಾ ಸೈಟಿಗೆ ಬಂದು ಆರ ತಿಂಗಳಾಗಿರೂದಿಲ್ಲ. ಸುತ್ತಲೂ ಬಿಟ್ಟ ಜಾಗಾನೂ ನಾಕೈದ ಅಡಿ. ಜಾಗಾ ಸಣ್ಣದಿದ್ದಷ್ಟು ತಪ್ಪು ದೊಡ್ಡದಾಗತದ.

ಗಿಡ ಇವತ್ತ ಗೇಣುದ್ದ ಇರತದ. ಹತ್ತ ವರ್ಷದ ಮ್ಯಾಲೆ ಅದರ ಬೇರು ಎಲ್ಲಿಗೆ ಹೋಗತದ ಅನ್ನೂದು ತಿಳದವರಿಗೇ ಗೊತ್ತು. 1908ರಾಗ ಲಾಲ್‌ಬಾಗಿನ ಉಸ್ತುವಾರಿಗೆ ಬಂದ ಜರ್ಮನಿಯ ಕೃಂಬಿಗಲ್ ಸಾಹೇಬ್ರು, ಒಂದ್ ಜಾತಿ ಮರದ ಹೂ ಮುಗ್ಯೂದ್ರಾಗ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಕ್ಕ ಮರ ಹಚ್ಚಿಸಿದ್ರು. ಮುಂದಿನದು ನೋಡೂದಂದ್ರ ಅದು.

ಇನ್ನೊಂದು. ಅಂಗಳ ಹೆಂಗಿರಬೇಕು ಅಂತ ಗಂಡಸರು ಕೂತು ಠರಾಯಸ್ತಾರ. ಕಸಾ ಹೊಡ್ಯಾಕಿ, ನೀರ ಹಾಕಾಕಿ, ಅರಿವಿ ಒಣಗಸಾಕಿ ಮಾತ್ರ ನಾವು. ಫೋಟೋಕ್ಕ ಚಂದ ಅಂತ ಲಾನ್ ಹಾಕಸ್ತಾರ. ನಮ್ಮೂರಾಗ ನಳದ ನೀರು ದಿನಾ ಬರೂದಿಲ್ಲ. ಅದಕ್ಕ ಕುಡಸೂ ನೀರು ಎಲ್ಲಿಂದ ತರೂದು?

ಹಂಗಂತ ಹೆಸರಿನ ಬೋರ್ಡು ಹಾಕಿದವರೆಲ್ಲಾ ತಿಳದವರಲ್ಲ. ಬಂದ ಕೂಡಲೇ ಮೊಬೈಲ್ ತಗದು "ಮೇಡಂ, ಕಾರ್ಪೆಟ್ ಲಾನ್, ಒಂದು ಕಾರಂಜಿ" ಅಂದ್ರ ಚಹಾ ಕೊಟ್ಟು ಕಳಸ್ರಿ. ಮಳಿ ಬಂದಾಗ ನೀರ ಎಲ್ಲಿ ನಿಲ್ಲತದ, ಅರಿವಿ ಎಲ್ಲಿ ಹಾಕ್ತೀರಿ, ತುಳಸಿಕಟ್ಟಿ ಎಲ್ಲಿ ಬೇಕು, ವಯಸ್ಸಾದವರು ಸಂಜಿಗೆ ಎಲ್ಲಿ ಕೂಡ್ತಾರ, ಗಿಡಕ್ಕ ನೀರ ಹಾಕೋರು ಯಾರು ಅಂತ ಮೊದಲ ಕೇಳಿದವರೇ ಖರೇ ಡಿಸೈನರು. ಅವರ ಕಡಿಂದ ಬರೇ ನಕಾಶೆ, ಗಿಡದ ಪಟ್ಟಿ ತಗೊಂಡ್ರೂ ಸಾಕು. ಉಳದ ಕೆಲಸ ನಿಮ್ಮ ಗೌಂಡಿ ಕಡಿಂದ, ಕೈ ಆಡಿದಂಗ ಎರಡ್ಮೂರು ವರ್ಷದಾಗ ಮಾಡಸ್ರಿ.

ಅದನ್ನೂ ಪಾಯಾ ತಗಿಯೂಕಿಂತ ಮೊದಲ ಕೇಳ್ರಿ. ಪೇವರ್ ಬಡದ ಮ್ಯಾಲೆ ಕೇಳಿದ್ರ ಒಡ್ಯೂ ಖರ್ಚು ಬ್ಯಾರೆ. ರೊಕ್ಕ ಸಾಲದು ಅಂದ್ರ ಫಾಲ್ಸ್ ಸೀಲಿಂಗ್ ಬಿಡ್ರಿ. ಅದು ಮಳಿನೀರು ಇಂಗಸೂದಿಲ್ಲ, ಕರಿಬೇವೂ ಕೊಡೂದಿಲ್ಲ.