ವಾಸ್ತು ಕೇಳ್ತೀರಿ, ತೇವ ಯಾಕೆ ಕೇಳಲ್ಲ? (ಭಾಗ 3)

ಹಿಂದಿನ ಎರಡು ಪೋಸ್ಟ್ ಹೋಮ್ ಲೋನ್ ಬಡ್ಡಿ ಬಗ್ಗೆ. ಇವತ್ತು ಆ ಲೋನ್‌ನಲ್ಲಿ ಕಟ್ಟಿದ ಮನೆ ಬೆವರೋದರ ಬಗ್ಗೆ. ಹೌದು, ಬೆವರೋದು.

ಜಗಳೂರು ಬರದ ತಾಲ್ಲೂಕು. ಹೊನ್ನಾಳಿ ತುಂಗಭದ್ರೆ ದಡದಲ್ಲಿದೆ. ಚನ್ನಗಿರಿ ಕಡೆ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ. ನ್ಯಾಮತಿ ದಾಟಿದ್ರೆ ಶಿವಮೊಗ್ಗ. ಒಂದೇ ಜಿಲ್ಲೆ, ಆದ್ರೆ ಗಾಳಿ ಒಂದೇ ಅಲ್ಲ. ಮನೆ ಪ್ಲಾನ್ ಮಾತ್ರ ನಾಲ್ಕೂ ಕಡೆ ಜೆರಾಕ್ಸ್: ಫ್ಲಾಟ್ ಆರ್‌ಸಿಸಿ, ಟೈಲ್ಸ್, ಸ್ಲೈಡಿಂಗ್ ಕಿಟಕಿ.

ಗೋಡೆ ಕಪ್ಪಾದ್ರೆ ಎಲ್ಲರೂ "ಲೀಕೇಜ್" ಅಂತಾರೆ, ವಾಟರ್‌ಪ್ರೂಫ್ ಪೇಂಟ್ ಬಳೀತಾರೆ. ಮುಂದಿನ ಮಳೆಗಾಲ ಮತ್ತೆ ಅದೇ. ಯಾಕಂದ್ರೆ ಎಷ್ಟೋ ಸಲ ನೀರು ಹೊರಗಿಂದ ಬಂದಿರಲ್ಲ, ಒಳಗಿನ ಗಾಳಿಯಿಂದಲೇ ಬಂದಿರುತ್ತೆ. ಅಡುಗೆ ಹಬೆ, ಸ್ನಾನದ ಹಬೆ, ಒಳಗೇ ಹಾಕಿದ ಒದ್ದೆ ಬಟ್ಟೆ, ಮಲಗಿರೋ ನಾಲ್ಕು ಜನರ ಉಸಿರು. 27 ಡಿಗ್ರಿ ಗಾಳಿಯಲ್ಲಿ ತೇವಾಂಶ 85% ಇದ್ರೆ ಸುಮಾರು 24 ಡಿಗ್ರಿಯ ಗೋಡೆ ಮುಟ್ಟಿದ ಕೂಡಲೇ ಹನಿ ಕಟ್ಟುತ್ತೆ. ಇದಕ್ಕೆ ಇಬ್ಬನಿ ಬಿಂದು ಅಂತಾರೆ. ಬೂಷ್ಟಿಗಂತೂ ಹನಿಯೂ ಬೇಡ, ಗೋಡೆ ಮೇಲ್ಮೈ ಹತ್ತಿರದ ತೇವಾಂಶ ತುಂಬಾ ದಿನ 80% ದಾಟಿದ್ರೆ ಸಾಕು.

ಇದನ್ನ ಅಡಿಪಾಯಕ್ಕೆ ಮುಂಚೆಯೇ ಲೆಕ್ಕ ಹಾಕಬಹುದು. ಜರ್ಮನಿಯ ಗ್ಲೇಸರ್ 1950ರ ದಶಕದಲ್ಲೇ ಗೋಡೆಯೊಳಗೆ ಹಬೆ ಎಲ್ಲಿ ನೀರಾಗುತ್ತೆ ಅಂತ ಕಾಗದದ ಮೇಲೆ ಕಂಡುಹಿಡಿಯೋ ವಿಧಾನ ಕೊಟ್ಟ. ಈಗ ಅದಕ್ಕೆ ಸಾಫ್ಟ್‌ವೇರೇ ಇದೆ. ನಮ್ಮಲ್ಲಿ ಇಕೋ ನಿವಾಸ್ ಸಂಹಿತೆ 2018 ಇದೆ: ತೆರೆಯೋ ಕಿಟಕಿ-ಬಾಗಿಲ ಜಾಗ ಬಿಸಿ-ಒಣ ಹವೆಗೆ ನೆಲದ 10%, ಬಿಸಿ-ತೇವದ ಹವೆಗೆ 16.66%. ಅಂದ್ರೆ 1200 ಚದರಡಿಗೆ ಒಂದು ಕಡೆ 120, ಇನ್ನೊಂದು ಕಡೆ 200. ಊರು ಬದಲಾದ್ರೆ ಕಿಟಕಿನೂ ಬದಲಾಗಬೇಕು ಅಂತ ಸರ್ಕಾರದ ಸಂಹಿತೆನೇ ಹೇಳ್ತಿದೆ. ಆದ್ರೆ ಅದು 500 ಚದರ ಮೀಟರ್‌ಗಿಂತ ದೊಡ್ಡ ಸೈಟಿಗಂತೆ. ನಮ್ಮ 30×40ಕ್ಕೆ ಯಾರು ದಿಕ್ಕು? (ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತೆ, ಲೆಕ್ಕ ಹಾಕುವಾಗ ಅದನ್ನೂ ನೋಡಿ.)

"ಅಷ್ಟೆಲ್ಲಾ ಖರ್ಚು ಯಾಕೆ" ಅನ್ನೋರಿಗೆ ಬಿಕಾಂ ಭಾಷೆಯಲ್ಲೇ ಹೇಳ್ತೀನಿ. ಪ್ಲಾನ್‌ನಲ್ಲಿ ಕಿಟಕಿ ಸರಿಸೋಕೆ ಬೇಕಾಗೋದು ಪೆನ್ಸಿಲ್, ರಬ್ಬರ್. ಕಟ್ಟಿದ ಮೇಲೆ ಸರಿಸೋಕೆ ಗಾರೆ, ಕೂಲಿ, ಧೂಳು. ಪ್ಲಿಂತ್ ಮಟ್ಟದ ತೇವ-ತಡೆ ಪದರ ಒಂದು ಸಲದ ಖರ್ಚು, ಪೇಂಟ್ ಪ್ರತಿ ವರ್ಷದ್ದು. ಪ್ರಶ್ನೆ ಬರೀ ಅಂದದ್ದೂ ಅಲ್ಲ. ಅದೇ ರೂಮಲ್ಲಿ ಚನ್ನಗಿರಿಯವರು ಅಡಿಕೆ ಚೀಲ, ಜಗಳೂರಿನವರು ಮೆಕ್ಕೆಜೋಳ ಇಡ್ತಾರೆ. ಬೂಷ್ಟು ಹಿಡಿದ ಮಾಲಿಗೆ ಮಂಡಿಯಲ್ಲಿ ಏನು ರೇಟು ಅಂತ ಮನೆಯಲ್ಲಿ ಕೇಳಿ ನೋಡಿ.

ಈಗಾಗಲೇ ಕಟ್ಟಿದ ಮನೆಯವರು: ತೇವ ಇರೋ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಮೇಲೆ ಹನಿ ಅಂದ್ರೆ ರೂಮಿನ ಗಾಳಿದು, ಹಿಂದೆ ಹನಿ ಅಂದ್ರೆ ಗೋಡೆದು. ಆಮೇಲೆ ಪೇಂಟ್ ಅಂಗಡಿಗೆ ಹೋಗಿ.

ಕಟ್ಟೋಕೆ ಹೊರಟವರು ಇಂಜಿನಿಯರ್ ಹತ್ರ ಎರಡೇ ಪ್ರಶ್ನೆ ಕೇಳಿ: ಬಚ್ಚಲಿನ ಹಬೆ ಎಲ್ಲಿಂದ ಹೊರಗೆ ಹೋಗುತ್ತೆ? ಶ್ರಾವಣದ ಬೆಳಗ್ಗೆ ಈ ಗೋಡೆ ಎಷ್ಟು ತಣ್ಣಗಿರುತ್ತೆ? ಏನು ಉತ್ತರ ಬಂತು ಅಂತ ಕಾಮೆಂಟ್‌ನಲ್ಲಿ ಹಾಕಿ, ಭಾಗ 4 ಅದರ ಮೇಲೇ.