ಮೊದಲು ನೀರಿಗೆ ನಿವೇಶನ

ಬೆಂಗಳೂರು ನಗರವು 2024ನೆಯ ಇಸವಿಯೊಂದರಲ್ಲೇ ಎರಡು ವಿಪತ್ತುಗಳನ್ನು ಕಂಡಿತು. ಮಾರ್ಚಿ ತಿಂಗಳಿನಲ್ಲಿ ಕೊಳವೆಬಾವಿಗಳು ಸಹಸ್ರಗಟ್ಟಲೆ ಬತ್ತಿಹೋಗಿ, ಕುಡಿಯುವ ನೀರಿನಿಂದ ಗಾಡಿ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಲಿಯವರು ಆಜ್ಞೆ ಹೊರಡಿಸಬೇಕಾಯಿತು. ಅಕ್ಟೋಬರ್ ತಿಂಗಳಿನಲ್ಲಿ ಯಲಹಂಕದ ವಸತಿಸಮುಚ್ಚಯವೊಂದರ ನಿವಾಸಿಗಳನ್ನು ದೋಣಿಗಳಲ್ಲಿ ಕುಳ್ಳಿರಿಸಿ ಹೊರಕ್ಕೆ ತರಬೇಕಾಯಿತು. ಹಿಂದಿನ ವರ್ಷ ಮಳೆ ಕಡಿಮೆಯಾಗಿದ್ದುದು ನಿಜ. ಆದರೆ ಬಾಯಾರಿಕೆಯೂ ಪ್ರವಾಹವೂ ಏಳೆಂಟು ತಿಂಗಳುಗಳ ಅಂತರದಲ್ಲಿ ಒಂದೇ ಊರನ್ನು ಪೀಡಿಸಿದಾಗ, ದೋಷವನ್ನೆಲ್ಲ ಮುಗಿಲಿನ ಮೇಲೆ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಬಿದ್ದ ನೀರನ್ನು ನಾವು ಹೇಗೆ ನಡೆಸಿಕೊಂಡೆವೆಂಬುದನ್ನೂ ವಿಚಾರಿಸಬೇಕು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ದಿಣ್ಣೆಯ ಊರು. ಮಗ್ಗುಲಲ್ಲಿ ಮಹಾನದಿಯಾವುದೂ ಇಲ್ಲ. ಇಲ್ಲಿ ಬಿದ್ದ ಮಳೆಯು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟದ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ, ವೃಷಭಾವತಿಯ ಕಣಿವೆಯ ಮೂಲಕ ಅರ್ಕಾವತಿಗೂ ಇಳಿದುಹೋಗುತ್ತದೆ. ಇದನ್ನರಿತೇ ಪೂರ್ವಿಕರು ಕೆರೆಯ ಕೆಳಗೆ ಕೆರೆಯನ್ನು ಕಟ್ಟಿದರು. ಮೇಲಿನ ಕೆರೆ ಕೋಡಿಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ತೂಬನ್ನು ಎತ್ತಿ ಇಳಿಸುವುದಕ್ಕೆ ನೀರುಗಂಟಿಯಿದ್ದನು. ಧರ್ಮಾಂಬುಧಿ ಕೆರೆಯ ನೆಲದಲ್ಲಿ ಇಂದು ಬಸ್ಸುಗಳ ನಿಲ್ದಾಣವಿದೆ. ಸಂಪಂಗಿ ಕೆರೆಯ ನೆಲದಲ್ಲಿ ಕ್ರೀಡಾಂಗಣವಿದೆ. ಹೋದುವು ಹೋದುವು. ನಮ್ಮ ಚಿಂತೆ ಇನ್ನು ಹೋಗಲಿರುವುವುಗಳದು. ಊರಿನ ಸುತ್ತಲೂ ಹೊಲಗದ್ದೆಗಳನ್ನು ಬಡಾವಣೆಗಳನ್ನಾಗಿ ಮಾರ್ಪಡಿಸುವ ಕಾರ್ಯವು ಎಡೆಬಿಡದೆ ನಡೆದಿದೆ. ಅಲ್ಲಿ ಇಂದು ಎಳೆಯುವ ಗೆರೆಗಳೇ ಮುಂದಿನ ನೂರು ವರ್ಷಗಳ ಕಾಲ ನೀರಿನ ಹಣೆಬರಹವಾಗುವುವು.

ಲೆಕ್ಕವು ಸರಳವಾದುದು. ಒಂದು ಎಕರೆ ನೆಲದ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ಅದು 4 ಲಕ್ಷ ಲೀಟರು ನೀರು. ಆ ನೆಲವು ಹೊಲವಾಗಿದ್ದಾಗ ಅದರಲ್ಲಿ ಬಹುಭಾಗವನ್ನು ಮಣ್ಣು ಕುಡಿಯುತ್ತಿತ್ತು. ಉಳಿದುದು ಬದುಗಳಿಗೆ ತಡೆದು ತಡೆದು ಮೆಲ್ಲಗೆ ಹಳ್ಳಕ್ಕೆ ಇಳಿಯುತ್ತಿತ್ತು. ಅದೇ ನೆಲವು ತಾರಸಿ, ಸಿಮೆಂಟಿನ ಅಂಗಳ, ಡಾಂಬರು ರಸ್ತೆಗಳಿಂದ ಮುಚ್ಚಿಹೋದ ಮೇಲೆ ಹೆಚ್ಚುಕಡಿಮೆ ಅಷ್ಟೂ ನೀರು ಕ್ಷಣಮಾತ್ರದಲ್ಲಿ ಚರಂಡಿಗೆ ಧುಮುಕುತ್ತದೆ. ಹೀಗೆ ನೂರಾರು ಎಕರೆಗಳ ನೀರು ಒಂದೇ ಗಳಿಗೆಯಲ್ಲಿ ಬಂದು ನುಗ್ಗಿದರೆ, ಹೂಳಿನಿಂದಲೂ ಅತಿಕ್ರಮಣದಿಂದಲೂ ಸೊರಗಿದ ರಾಜಕಾಲುವೆಯು ಅದನ್ನು ತಾಳುವುದೆಂತು? 2022ನೆಯ ಸೆಪ್ಟೆಂಬರ್ 4ರ ರಾತ್ರಿ ಸುಮಾರು 130 ಮಿಲಿಮೀಟರು ಮಳೆ ಸುರಿದಾಗ ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಕಡೆಯ ಶ್ರೀಮಂತ ಬಡಾವಣೆಗಳಿಂದಲೂ ಜನರು ಟ್ರಾಕ್ಟರುಗಳನ್ನೇರಿ ಹೊರಬರಬೇಕಾಯಿತು. ಅದೇ ಸಮಯದಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಗಳ ಮನೆಗೆ ನೆರೆ ನುಗ್ಗಿ ನಗರಕ್ಕೆ ಕಾವೇರಿಯ ನೀರೂ ನಿಂತಿತು. ಮನೆಯೊಳಗೆ ಮೊಳಕಾಲುದ್ದ ನೀರು, ನಲ್ಲಿಯಲ್ಲಿ ತೊಟ್ಟಿಲ್ಲ! ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಮೇಲಕ್ಕೆತ್ತಿ ನೀರನ್ನು ತರುವ ನಗರವು ತನ್ನ ತಲೆಯ ಮೇಲೆ ಬಿದ್ದುದನ್ನು ಹೊರದೂಡುವುದಕ್ಕೆ ಮತ್ತೆ ಹಣ ಸುರಿಯುತ್ತಿದೆ.

ಕಾನೂನೇ ಇಲ್ಲವೆಂದಲ್ಲ. 2009ರ ಶಾಸನವು ಹೊಸದಾಗಿ ಮನೆ ಕಟ್ಟುವವರು 30-40 ಅಡಿಗಳ ನಿವೇಶನ ಮೊದಲ್ಗೊಂಡು ಮಳೆನೀರಿನ ಸಂಗ್ರಹಕ್ಕೆ ಏರ್ಪಾಡು ಮಾಡಿಕೊಳ್ಳಬೇಕೆಂದು ವಿಧಿಸಿತು. ಅದು ಸ್ತುತ್ಯವಾದ ಕ್ರಮ. ಅಷ್ಟು ಚಿಕ್ಕ ನಿವೇಶನದ ಮೇಲೂ ವರ್ಷಕ್ಕೆ ಲಕ್ಷ ಲೀಟರಿನಷ್ಟು ಮಳೆ ಬೀಳುತ್ತದೆ. ಆದರೆ ಮನೆಯೊಂದೊಂದರ ತೊಟ್ಟಿಯಿಂದ ಬಡಾವಣೆಯ ಪ್ರಶ್ನೆ ಬಗೆಹರಿಯುವುದಿಲ್ಲ. ರಸ್ತೆಯ ನೀರು ಯಾರ ತೊಟ್ಟಿಗೂ ಬೀಳುವುದಿಲ್ಲ. ಮೊದಲ ಮಳೆಗೇ ತುಂಬಿ ನಿಂತ ತೊಟ್ಟಿಯು ಎರಡನೆಯ ಮಳೆಗೆ ಇದ್ದೂ ಇಲ್ಲದಂತೆಯೇ.

ಆದುದರಿಂದ ನಾವು ಸೂಚಿಸುವ ನಿಯಮವು ಒಂದೇ: ನೆಲವು ಹೊಲವಾಗಿದ್ದಾಗ ಎಷ್ಟು ವೇಗದಲ್ಲಿ ನೀರನ್ನು ಹೊರಬಿಡುತ್ತಿತ್ತೋ ಬಡಾವಣೆಯಾದ ಮೇಲೆಯೂ ಅದಕ್ಕಿಂತ ವೇಗವಾಗಿ ಬಿಡಕೂಡದು. ಇದು ಸಾಧಿಸಬೇಕಾದರೆ ನಿವೇಶನಗಳ ನಕ್ಷೆಗಿಂತ ಮುಂಚೆ ನೀರಿನ ನಕ್ಷೆ ಸಿದ್ಧವಾಗಬೇಕು. ಗ್ರಾಮದ ಹಳೆಯ ಸರ್ವೆ ನಕ್ಷೆಯಲ್ಲಿ ಹಳ್ಳ, ಕಾಲುವೆ, ಕುಂಟೆಗಳು ಎಲ್ಲಿದ್ದುವೋ ಅಲ್ಲಿ ನೀರಿಗೆ ಮೊದಲ ನಿವೇಶನವನ್ನು ಕೊಟ್ಟು, ಮಿಕ್ಕುದನ್ನು ಮನುಷ್ಯರಿಗೆ ಹಂಚತಕ್ಕದ್ದು. ತಾರಸಿಯ ನೀರು ತೊಟ್ಟಿಗೆ, ತೊಟ್ಟಿ ತುಂಬಿದರೆ ಇಂಗುಬಾವಿಗೆ; ರಸ್ತೆಯ ನೀರು ಪಕ್ಕದ ಹುಲ್ಲುಹಾಸಿನ ತಗ್ಗುಕಾಲುವೆಗೆ; ಅಲ್ಲಿಂದ ಉದ್ಯಾನಕ್ಕೆ. ಉದ್ಯಾನವನ್ನು ಮಣ್ಣು ತುಂಬಿ ರಸ್ತೆಗಿಂತ ಎತ್ತರಿಸುವ ಬದಲು ಎರಡು ಗೇಣು ತಗ್ಗಿಸಿದರೆ ಅದೇ ಒಂದು ಕುಂಟೆಯಾಗುವುದು. ಇಷ್ಟೆಲ್ಲ ಆದ ಮೇಲೆ ಮಿಕ್ಕುದು ರಾಜಕಾಲುವೆಗೆ. ಕಲ್ಲುನೆಲದಲ್ಲಿ ನೀರು ಇಂಗದಿದ್ದರೆ ಕೂಡಿಡುವ ಸ್ಥಳವನ್ನು ಹೆಚ್ಚಿಸಬೇಕು. ಕಕ್ಕಸಿನ ನೀರು ಮಾತ್ರ ಈ ಕಾಲುವೆಗಳಿಗೆ ಸೇರಲೇಕೂಡದು. ಸೇರಿದರೆ ಇಂಗುಬಾವಿಯೇ ರೋಗದ ಬಾವಿಯಾದೀತು.

ಕಟ್ಟಿದವರು ಮಾರಿ ಹೊರಟುಹೋದ ಮೇಲೆ ಹೂಳೆತ್ತುವವರು ಯಾರು? ನಮ್ಮಲ್ಲಿ ಇದಕ್ಕೆ ಉತ್ತರವಿಲ್ಲದಿರುವುದೇ ಕೇಡಿನ ಮೂಲ. ವೇಲ್ಸ್ ದೇಶದಲ್ಲಿ 2019ರ ಜನವರಿಯಿಂದ, ಒಂದಕ್ಕಿಂತ ಹೆಚ್ಚು ಮನೆಗಳನ್ನಾಗಲಿ 100 ಚದರ ಮೀಟರಿಗೆ ಕಡಿಮೆಯಿಲ್ಲದ ಕಟ್ಟಡವನ್ನಾಗಲಿ ಕಟ್ಟುವವರು ಮಳೆನೀರಿನ ವ್ಯವಸ್ಥೆಗೆ ಪ್ರತ್ಯೇಕವಾದ ಒಪ್ಪಿಗೆ ಪಡೆಯದೆ ಕೆಲಸವನ್ನೇ ಆರಂಭಿಸುವಂತಿಲ್ಲ. ಒಪ್ಪಿಗೆಯಂತೆ ಕಟ್ಟಿ ಮುಗಿಸಿದಲ್ಲಿ, ಹಲವು ಮನೆಗಳಿಗೆ ಸೇರಿದ ವ್ಯವಸ್ಥೆಯನ್ನು ಒಪ್ಪಿಗೆಯಿತ್ತ ಅಧಿಕಾರಸ್ಥಾನವೇ ವಹಿಸಿಕೊಂಡು ನಡೆಸಬೇಕು. ಮುಂದೆ ತಾನೇ ನೋಡಿಕೊಳ್ಳಬೇಕೆಂದು ಬಲ್ಲ ಅಧಿಕಾರಿಯು ಕಣ್ಣುಮುಚ್ಚಿ ರುಜು ಹಾಕಲಾರನು. ನೀರುಗಂಟಿಯ ಮರ್ಮವೂ ಇದೇ ಅಲ್ಲವೆ? ಕೆರೆಗೆ ಒಬ್ಬ ಹೊಣೆಗಾರನಿದ್ದನು.

ಇದರಿಂದ ನಿವೇಶನಗಳ ಬೆಲೆ ಏರಿ ಮಧ್ಯಮವರ್ಗದವರಿಗೆ ಕಷ್ಟವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಬೆಲೆ ಕೊಂಚ ಏರುವುದು ದಿಟ. ಆದರೆ ಇಂದು ಉಳಿಸಿದ ಹಣವನ್ನು ಪ್ರವಾಹದ ದಿನ ಕೊಂಡವನೇ ತೆರುತ್ತಾನೆ. ಅವನಿಗಿಂತ ಹೆಚ್ಚಾಗಿ ತಗ್ಗಿನ ಗುಡಿಸಿಲಿನವನು ತೆರುತ್ತಾನೆ. ಒಬ್ಬರು ತಿಂದ ಉಪ್ಪಿಗೆ ಮತ್ತೊಬ್ಬರು ನೀರು ಕುಡಿಯುವುದು ಯಾವ ಧರ್ಮ? 2016ರಲ್ಲಿಯೂ 2022ರಲ್ಲಿಯೂ ರಾಜಕಾಲುವೆಯ ತೆರವಿಗಾಗಿ ಮನೆಗಳನ್ನು ಕೆಡವಿದಾಗ, ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು ಅತ್ತವರೂ ಇದ್ದರು. ಮನೆ ಉರುಳಿತು, ನಕ್ಷೆಗೆ ರುಜು ಹಾಕಿದ ಕೈಗೆ ಏನಾಯಿತು? ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಈ ಪದ್ಧತಿಯು ಕೊನೆಗಾಣಬೇಕು. ಎಂಥ ಏರ್ಪಾಡನ್ನೂ ಮೀರಿದ ಮಳೆ ಎಂದಾದರೊಮ್ಮೆ ಬಂದೇ ಬರುವುದು. ಅಂಥ ದಿನಕ್ಕಾಗಿ ನೀರು ಹರಿದುಹೋಗುವ ದಾರಿಯನ್ನು ತೆರವಾಗಿರಿಸುವುದೂ ಈ ನಕ್ಷೆಯ ಭಾಗವೇ ಆಗಬೇಕು.

2025ನೆಯ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಐದು ಪಾಲಿಕೆಗಳಾದುವು. ಕಣಿವೆಗಳು ಪಾಲಿಕೆಯ ಗಡಿಯನ್ನು ಅರಿಯವು. ಒಂದು ಪಾಲಿಕೆಯವರು ಮಂಜೂರು ಮಾಡಿದ ಬಡಾವಣೆಯ ನೀರು ಮತ್ತೊಂದು ಪಾಲಿಕೆಯ ಪ್ರಜೆಯ ಮನೆಯನ್ನು ಹೊಕ್ಕೀತು. ಆದುದರಿಂದ ಕಣಿವೆಗೊಂದರಂತೆ ನೀರಿನ ನಕ್ಷೆಯನ್ನು ಮೊದಲು ಸಿದ್ಧಪಡಿಸಿ, ಅದಕ್ಕೆ ವಿರೋಧವಾದ ಬಡಾವಣೆಗೆ ಒಪ್ಪಿಗೆಯಿಲ್ಲವೆಂದು ಸರಕಾರದವರು ಸಾರಬೇಕು. ಮಹಾಜನರು ಸಹ, ನಿವೇಶನ ಕೊಳ್ಳುವಾಗ ಮೂಲೆ ಯಾವುದು, ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುವುದರ ಜೊತೆಗೆ, ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂಬ ಒಂದು ಪ್ರಶ್ನೆಯನ್ನು ಕೇಳಬೇಕು. ಮಾರುವವನು ಅದಕ್ಕೆ ಉತ್ತರ ಹೇಳಲಾರದಿದ್ದರೆ ಮುಂಗಡವನ್ನು ಕೊಡದೆ ಹಿಂದಿರುಗುವುದೇ ಕ್ಷೇಮ.